ಹಸಿರು ದಾರದ ಎರಡು ಗಂಟು

ಹುಬ್ಬಳ್ಳಿಯಾಕೆಗೆ ಸರ್ಕಾರದ ಚೆಕ್ಕು ಬಂದ ಸುದ್ದಿ ನನಗೆ ಗೊತ್ತಾದದ್ದು ಅಮೆರಿಕದ ಈ ಡಬ್ಲಿನ್ನಿನ ಇಂಡಿಯನ್ ಗ್ರೋಸರಿಯಲ್ಲಿ, ಬೆಂಡೆಕಾಯಿಯ ತುದಿ ಮುರಿದು ಎಳೆಯದನ್ನು ಆರಿಸುತ್ತಿದ್ದಾಗ. ಎದುರುಗಡೆ ಆಕೆಯೂ ಅದೇ ರಾಶಿಗೆ ಕೈ ಹಾಕಿದ್ದಳು. ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡು ನಕ್ಕಳು.

"ಅಕ್ಕಾರ, ನಮ್ಮ ಮೂರು ತಿಂಗಳ ಪಗಾರ ಬಂತ್ರಿ. ಪೂರಾ ಬಂತು. ನಿಮಗ ಬಂತಿಲ್ರಿ?"

"ಬರುತ್ತೆ. ಪ್ರೋಸೆಸ್ಸಲ್ಲಿದೆ" ಅಂದೆ.

ಶುದ್ಧ ಸುಳ್ಳು. ನನಗೆ ಕೊಡಲಾಗದು ಎಂಬ ಕಾಗದ ನಾಲ್ಕು ದಿನದಿಂದ ನನ್ನ ಬ್ಯಾಗಿನಲ್ಲೇ ಮಡಚಿಕೊಂಡು ಕೂತಿತ್ತು. ಒಂದೇ ಅಂಗಡಿ, ಒಂದೇ ಮೇಜು, ಒಂದೇ ದಿನ ಇಬ್ಬರ ಕೆಲಸವೂ ಹೋಗಿತ್ತು. ಆಕೆಗೆ ಪೂರಾ, ನನಗೆ ಸೊನ್ನೆ. "ಒಳ್ಳೇದಾಯ್ತು ಬಿಡಿ" ಎಂದು ಬಾಯಲ್ಲಿ ಹೇಳಿದೆ. ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು. ಕೈಗೆ ಸಿಕ್ಕ ಬೆಂಡೆಕಾಯಿಯನ್ನು ನೋಡದೆ ಚೀಲಕ್ಕೆ ತುಂಬಿಕೊಂಡು ಬಂದೆ. ಅವತ್ತಿನ ಹುಳಿಯಲ್ಲಿ ಎಲ್ಲ ನಾರು.

ನಮ್ಮದು ಸೀರೆ ಬ್ಲೌಸು ಮತ್ತು ಡ್ಯಾನ್ಸ್ ಡ್ರೆಸ್ಸು ಹೊಲಿಯುವ ಅಂಗಡಿ. ಮುಂದೆ ಕನ್ನಡಿ, ಸೋಫಾ, ಸೀರೆ ಉಡಿಸಿದ ಎರಡು ಬೊಂಬೆ. ಹಿಂದೆ ಒಂದು ಪರದೆ, ಪರದೆಯ ಆಚೆ ಹೊಲಿಗೆ ಯಂತ್ರಗಳು. ನಡೆಸುತ್ತಿದ್ದ ಓನರಮ್ಮ ಒಳ್ಳೆಯವಳೇ. ಗೌರಿ ಹಬ್ಬಕ್ಕೆ ನನಗೆ ಬಾಗಿನ ಕೊಡುತ್ತಿದ್ದಳು, ಹುಬ್ಬಳ್ಳಿಯಾಕೆಗೆ ರಂಜಾನಿಗೆ ಖರ್ಜೂರ. ಆದರೆ ಒಂದು ಅಂಗಡಿ ನಡೆಯುತ್ತಿದೆ ಎಂದು ದೂರದ ಎವರ್‌ಗ್ರೀನ್ ಬಡಾವಣೆಯಲ್ಲಿ ಇನ್ನೊಂದನ್ನು ತೆರೆದಳು, ಅದೂ ಸಾಲ ಮಾಡಿ. ಅದು ಓಡಲಿಲ್ಲ. ಅದರ ಬಾಡಿಗೆಯನ್ನು ಇದು ಕಟ್ಟತೊಡಗಿತು. ನಮ್ಮ ಸಂಬಳ "ಮುಂದಿನ ವಾರ", "ಹಬ್ಬ ಆಗ್ಲಿ", "ಈ ಅರಂಗೇಟ್ರಂ ಆರ್ಡರ್ ಹೋಗ್ಲಿ" ಎಂದು ಮುಂದೆ ಮುಂದೆ ಹೋಗಿ ಮೂರು ತಿಂಗಳಾಯಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬಾಗಿಲಿಗೆ ಬೇರೆ ಬೀಗ, ಗಾಜಿನ ಮೇಲೆ ಒಂದು ನೋಟೀಸು. ಓನರಮ್ಮ ದಿವಾಳಿ ಅರ್ಜಿ ಹಾಕಿದ್ದಳು. ನಾವಿಬ್ಬರೂ ಪಾರ್ಕಿಂಗ್ ಲಾಟಿನಲ್ಲಿ ಊಟದ ಡಬ್ಬಿ ಹಿಡಿದುಕೊಂಡು ನಿಂತೆವು.

ಮಾಲೀಕರು ದಿವಾಳಿಯಾದರೆ ಮಾಮೂಲಿ ಕೆಲಸಗಾರರ ಗತಿ ಕೋರ್ಟಿನ ಸಾಲು. ಮಾಲೀಕರ ಆಸ್ತಿಯಲ್ಲಿ ಏನಾದರೂ ಮಿಕ್ಕಿದರೆ, ಮಿಕ್ಕಷ್ಟರಲ್ಲಿ, ನಿಮ್ಮ ಸರದಿ ಬಂದಾಗ. ನಮ್ಮ ಓನರಮ್ಮನ ಬಳಿ ಮಿಕ್ಕಿದ್ದು ಎರಡು ಬೊಂಬೆ. ಆದರೆ ಬಟ್ಟೆ ಹೊಲಿಯುವವರಿಗೆ ಈ ರಾಜ್ಯದಲ್ಲಿ ಒಂದು ಅನುಕೂಲವಿದೆ. ಹೊಲಿಗೆಯ ಉದ್ಯೋಗ ನಡೆಸುವವರೆಲ್ಲ ವರ್ಷವರ್ಷ ಸರ್ಕಾರಕ್ಕೆ ನೋಂದಣಿ ಹಣ ಕಟ್ಟಬೇಕು. ಅದರಲ್ಲಿ ಒಂದು ಪಾಲನ್ನು ಒಂದು ನಿಧಿಗೆ ಎತ್ತಿಡುತ್ತಾರೆ. ಮಾಲೀಕರು ಕೈ ಎತ್ತಿದರೆ ಹೊಲಿದವರ ಕೂಲಿಯನ್ನು ಆ ನಿಧಿಯಿಂದ ಕೊಡುತ್ತಾರೆ. ಹೊಲಿದವರಿಗೆ, ಕತ್ತರಿಸಿದವರಿಗೆ, ಇಸ್ತ್ರಿ ಮಾಡಿದವರಿಗೆ. ಮ್ಯಾನೇಜರಿಗೆ ಅಲ್ಲ.

ನಾನು ಮ್ಯಾನೇಜರ್. ಪೇಸ್ಲಿಪ್ಪಿನಲ್ಲಿ ಹಾಗೇ ಇತ್ತು. ಆಪರೇಷನ್ಸ್ ಮ್ಯಾನೇಜರ್.

ಅದನ್ನು ಹಾಕಿಸಿಕೊಂಡವಳೂ ನಾನೇ. ಬೆಂಗಳೂರಿನಲ್ಲಿ ಮದುವೆಗೆ ಮುಂಚೆ ಎರಡು ವರ್ಷ ಟೈಲರಿಂಗ್ ಕ್ಲಾಸಿಗೆ ಹೋಗಿದ್ದೆ. ಹುಡುಗಿಗೆ ಹೊಲಿಗೆ ಬರುತ್ತದೆ ಎಂದರೆ ಅಲ್ಲಿ ಗುಣ. ಹೊಟ್ಟೆಪಾಡಿಗೆ ಹೊಲಿಯುತ್ತಾಳೆ ಎಂದರೆ ಅದೇ ಜನ ಮೂಗು ಮುರಿಯುತ್ತಾರೆ. ಇಲ್ಲಿಗೆ ಬಂದು ಹದಿಮೂರು ವರ್ಷ ಮನೆಯಲ್ಲಿ ಕೂತ ಮೇಲೆ ಕೆಲಸದ ಪರ್ಮಿಟ್ಟು ಬಂತು, ಈ ಅಂಗಡಿ ಸಿಕ್ಕಿತು. ಸೇರಿದ ವಾರವೇ ಸ್ಯಾನ್ ರಮೋನಿನ ಒಬ್ಬರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ನಮ್ಮವರ ಆಫೀಸಿನವರೊಬ್ಬರ ಹೆಂಡತಿ ಪ್ರಸಾದದ ತಟ್ಟೆ ಹಿಡಿದುಕೊಂಡೇ ಕೇಳಿದಳು, "ನೀವು ಎಲ್ಲಿ ವರ್ಕ್ ಮಾಡ್ತಿರೋದು?" ನಾಲಿಗೆಯ ತುದಿಗೆ ಬಂದದ್ದು ಒಂದು, ಹೊರಗೆ ಬಿದ್ದದ್ದು ಇನ್ನೊಂದು. "ಒಂದು ಬುಟೀಕಲ್ಲಿ ಆಪರೇಷನ್ಸ್ ನೋಡ್ಕೋತೀನಿ." ಮಾರನೆಯ ದಿನ ಓನರಮ್ಮನಿಗೆ ಕಾಫಿ ಮಾಡಿಕೊಟ್ಟು ಕೇಳಿದೆ, ಪೇಪರಿನಲ್ಲೂ ಹಾಗೇ ಬರೆಯಿರಿ ಎಂದು. ಸಂಬಳ ಒಂದು ಪೈಸೆ ಹೆಚ್ಚಾಗುವುದಿಲ್ಲವಲ್ಲ, ಬರೆದುಬಿಟ್ಟಳು.

ಆಮೇಲೆ ನಡೆದದ್ದು ದಿನವೂ ಒಂದು ನಾಟಕ. ಪರದೆಯ ಹಿಂದೆ ನಾನು, ಹುಬ್ಬಳ್ಳಿಯಾಕೆ, ಅಕ್ಕಪಕ್ಕದ ಯಂತ್ರಗಳಲ್ಲಿ ತಲೆ ಬಗ್ಗಿಸಿ ಹೊಲಿಯುತ್ತಿದ್ದೆವು. ಮುಂದಿನ ಬಾಗಿಲಿನ ಬೆಲ್ಲು ಹೊಡೆದ ಕೂಡಲೇ ನಾನು ಎದ್ದು, ಮಡಿಲ ದಾರ ಕೊಡವಿ, ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು, ನಗುನಗುತ್ತಾ ಹೊರಗೆ ಹೋಗುತ್ತಿದ್ದೆ. ಅಳತೆ ತೆಗೆದು, "ನಮ್ಮ ಟೈಲರಿಗೆ ಹೇಳ್ತೀನಿ ಮೇಡಂ, ಶನಿವಾರ ರೆಡಿ ಇರುತ್ತೆ" ಎನ್ನುತ್ತಿದ್ದೆ. ಒಳಗೆ ಬಂದು ಅದನ್ನು ನಾನೇ ಹೊಲಿಯುತ್ತಿದ್ದೆ.

ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಹೊಲಿದವರು ಯಾರೆಂದು ಗೊತ್ತಾಗಲು ಬ್ಲೌಸಿನ ಕೆಳ ಅಂಚಿನ ಒಳಗಡೆ ಒಂದು ಬಣ್ಣದ ದಾರದಿಂದ ಗಂಟು ಹಾಕಬೇಕು. ಬಿಗಿ ಆಯ್ತು, ಸಡಿಲ ಆಯ್ತು ಎಂದು ವಾಪಸ್ ಬಂದರೆ ಹೊಲಿದವರೇ ಸರಿಮಾಡಬೇಕಲ್ಲ, ಅದಕ್ಕೆ. ಹುಬ್ಬಳ್ಳಿಯಾಕೆಯದು ಹಸಿರು. ನನಗೆ ಓನರಮ್ಮ ಹಳದಿ ಉಂಡೆ ಕೊಡಲು ಬಂದಳು. ಮ್ಯಾನೇಜರಿಗೆ ಯಾಕೆ ದಾರ? ಬೇಡ ಅಂದೆ. ನಾನು ಹೊಲಿದದ್ದಕ್ಕೂ ಆಕೆಯ ಹಸಿರನ್ನೇ ಹಾಕುತ್ತಿದ್ದೆ. ಆಕೆ ಒಂದು ಗಂಟು ಹಾಕಿ ಕತ್ತರಿಸುತ್ತಿದ್ದಳು. ಒಂದು ಗಂಟು ಬಿಚ್ಚಿಹೋಗುತ್ತದೆ ಎಂದು ನಮ್ಮ ಕ್ಲಾಸಿನ ಟೀಚರು ತಲೆಯ ಮೇಲೆ ಮೊಟಕಿ ಕಲಿಸಿದ್ದರಿಂದ ನನ್ನ ಕೈ ತಾನಾಗಿ ಎರಡು ಹಾಕುತ್ತಿತ್ತು. ಸುತ್ತಮುತ್ತಲ ಹೆಂಗಸರಲ್ಲಿ ಮಾತೇ ಆಗಿಹೋಯಿತು, ಹಸಿರು ದಾರದ ಬ್ಲೌಸು ಅಂದರೆ ಕಣ್ಣು ಮುಚ್ಚಿಕೊಂಡು ಹಾಕಿಕೊಳ್ಳಬಹುದು ಎಂದು. ಪರದೆಯ ಆಚೆಯಿಂದ ಅದನ್ನು ಕೇಳುವಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ ಎಂದರೆ ಅದೂ ಸುಳ್ಳು.

ಸರ್ಕಾರದ ಕಾಗದ ತಿರುವಿ ತಿರುವಿ ಓದಿದೆ. ದಾಖಲೆಗಳ ಪ್ರಕಾರ ನೀವು ಮ್ಯಾನೇಜರ್, ನೀವೇ ಹೊಲಿದಿದ್ದೀರಿ ಎಂಬುದಕ್ಕೆ ಪುರಾವೆ ಇದ್ದರೆ ಕಳುಹಿಸಿ, ವಿಚಾರಣೆ ಕೇಳಿ. ಗಡುವು ಒಂದು ತಿಂಗಳು. ಅವರ ತಪ್ಪೇನೂ ಇರಲಿಲ್ಲ. ನಾನು ಹೇಳಿದ್ದನ್ನೇ ಅವರು ನಂಬಿದ್ದರು.

"ಹೋಗ್ಲಿ ಬಿಡೆ. ಅಷ್ಟು ದುಡ್ಡಿಗೆ ಯಾಕೆ ತಲೆ ಕೆಡಿಸ್ಕೋತೀಯ" ಅಂದರು ನಮ್ಮವರು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಅಷ್ಟು ದುಡ್ಡು. ಅವರಿಗೆ ಅಷ್ಟು, ನನಗೆ ಅದೇ ಎಲ್ಲ. ಮಗಳು ಆ ವರ್ಷ ಕಾಲೇಜಿಗೆ ಹೊರಟಿದ್ದಳು. ಹಾಸ್ಟೆಲಿನ ಮೊದಲ ಕಂತು ನನ್ನ ದುಡಿಮೆಯಿಂದ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಹದಿಮೂರು ವರ್ಷ ಗ್ರೋಸರಿಗೂ ಅವರ ಕಾರ್ಡನ್ನೇ ಉಜ್ಜಿದವಳು ನಾನು. ಕಂತಿನ ದಿನ ಬಂದಾಗ ನಮ್ಮವರು ಒಂದು ಮಾತೂ ಆಡದೆ ಕಟ್ಟಿಬಿಟ್ಟರು. ಆ ಒಂದು ಮಾತೂ ಆಡದ್ದು ನನಗೆ ಚುಚ್ಚಿದಷ್ಟು ಬೈದಿದ್ದರೂ ಚುಚ್ಚುತ್ತಿರಲಿಲ್ಲ. ಮಗಳು "ಇಟ್ಸ್ ಫೈನ್, ಅಮ್ಮ" ಅಂದಳು. ಫೈನ್ ಅಂತೆ.

ಅಷ್ಟರಲ್ಲಿ ಹುಬ್ಬಳ್ಳಿಯಾಕೆ ಆ ಚೆಕ್ಕಿನಿಂದ ಒಂದು ಹಳೆಯ ದೊಡ್ಡ ಯಂತ್ರ ಕೊಂಡು, ಹೇವರ್ಡಿನ ತನ್ನ ಮನೆಯ ಗರಾಜಿನಲ್ಲಿ ಹೊಲಿಗೆ ಶುರು ಮಾಡಿದ್ದಾಳೆಂದು ತಿಳಿಯಿತು. ನಮ್ಮ ಹಳೇ ಗಿರಾಕಿಗಳೆಲ್ಲ ಅಲ್ಲಿಗೇ. ಸ್ಯಾನ್ ರಮೋನಿನಿಂದ 680 ಹೆದ್ದಾರಿ ಹಿಡಿದು, ಆ ಟ್ರಾಫಿಕ್ಕಿನಲ್ಲಿ, ಹಸಿರು ದಾರಕ್ಕಾಗಿ! ನನಗೆ ನಿದ್ದೆ ಬೇಡ, ಊಟ ಬೇಡ ಅನ್ನುವಂತಾಯಿತು. ಆಕೆಯ ಚೆಕ್ಕಿಗೆ ಉರಿದೆ, ಯಂತ್ರಕ್ಕೆ ಉರಿದೆ, ಗರಾಜಿಗೂ ಉರಿದೆ. ನಮ್ಮ ಗರಾಜಿನಲ್ಲಿ ಇರುವುದು ಟ್ರೆಡ್‌ಮಿಲ್ಲು, ಅದರ ಮೇಲೆ ಒಣಗಿಸಿದ ಟವೆಲು.

ಪುರಾವೆಗೆ ಇದ್ದದ್ದು ಒಂದೇ ದಾರಿ, ನಾನು ಹೊಲಿದ ಬ್ಲೌಸುಗಳು. ಅವು ಗಿರಾಕಿಗಳ ಬೀರುವಿನಲ್ಲಿದ್ದವು. ನಾಲ್ಕು ದಿನ ಮೀನಮೇಷ ಎಣಿಸಿ, ಕೊನೆಗೆ ಪೂಜೆಯಲ್ಲಿ ಕೇಳಿದ್ದಳಲ್ಲ, ಅದೇ ಹೆಂಗಸಿನ ಮನೆಗೆ ಹೋದೆ. ಅವಳದೇ ಹನ್ನೆರಡು ಬ್ಲೌಸು ಹೊಲಿದಿದ್ದೆ. ಸೋಫಾದಲ್ಲಿ ಕೂರಿಸಿ ಕಾಫಿ ಕೊಟ್ಟಳು. ನಿಜ ಹೇಳಬೇಕೆಂದೇ ಹೋಗಿದ್ದೆ. ಬಾಯಿ ತೆರೆದರೆ ಮತ್ತೆ ಮ್ಯಾನೇಜರೇ ಮಾತಾಡಿದಳು.

"ಮೇಡಂ, ಅಂಗಡಿ ಮುಚ್ಚಿತಲ್ಲ, ನಮ್ಮ ಟೈಲರ್ ಕೆಲಸದ ರೆಕಾರ್ಡು ಸ್ವಲ್ಪ ಬೇಕಿತ್ತು. ನಿಮ್ಮ ಬ್ಲೌಸ್ ಫೋಟೋ ತಗೊಳ್ಳಲಾ?"

"ಅಯ್ಯೋ, ಪಾಪ, ಅವ್ರಿಗೆ ಹೆಲ್ಪ್ ಮಾಡ್ತಿದೀರಾ? ಎಷ್ಟು ಒಳ್ಳೇವ್ರು ನೀವು" ಎಂದು ಹನ್ನೆರಡನ್ನೂ ತಂದು ಮಂಚದ ಮೇಲೆ ಹರವಿದಳು. ಒಂದೊಂದನ್ನೂ ಒಳಮೈ ಹೊರಗೆ ಮಾಡಿ ತಿರುವಿದೆ. ಹಸಿರು ದಾರ, ಎರಡು ಗಂಟು. ಹಸಿರು ದಾರ, ಎರಡು ಗಂಟು. ಬಗಲ ಹತ್ತಿರ ಬಿಚ್ಚಿ ದೊಡ್ಡದು ಮಾಡಲು ಬಿಟ್ಟ ಬಟ್ಟೆ ಎರಡೂ ಕಡೆ ಒಂದೇ ಸಮ ಇತ್ತು. ನನ್ನ ಕೆಲಸ ನೋಡಿ ನನಗೇ ಕಣ್ಣು ತುಂಬಿ ಬಂತು. ಅವಳು ಕಾಫಿ ಲೋಟ ಎತ್ತಿಡಲು ಹೋಗಿದ್ದಳು, ಸದ್ಯ.

ಫೋಟೋ ಇದ್ದರೆ ಸಾಲದಲ್ಲ. ಎರಡು ಗಂಟು ನನ್ನದು ಎಂದು ಹೇಳುವವರು ಯಾರು? ಓನರಮ್ಮ ಫೋನು ಎತ್ತುತ್ತಿರಲಿಲ್ಲ. ಉಳಿದದ್ದು ಒಬ್ಬಳೇ.

ಹೇವರ್ಡಿನ ಗರಾಜಿನಲ್ಲಿ ಆಕೆ ತೋಳು ಜೋಡಿಸುತ್ತಿದ್ದಳು. ಬಾಗಿಲು ಅರ್ಧ ಎತ್ತಿತ್ತು, ಮಧ್ಯಾಹ್ನದ ಬಿಸಿಲು ಯಂತ್ರದವರೆಗೂ ಬಂದಿತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಕಾಗದ ತೋರಿಸಿದೆ. ಆಕೆ ಓದಿ, ಮಡಚಿ, ಕೈಗೆ ಕೊಟ್ಟಳು.

"ಅವತ್ತ ಗ್ರೋಸರಿಯಾಗ ಪ್ರೋಸೆಸ್ ಅಂದ್ರಿ" ಅಂದಳು.

"ಸುಳ್ಳು ಹೇಳ್ದೆ."

"ಗೊತ್ತಾತು ಬಿಡ್ರಿ. ಬಲತ ಬೆಂಡಿಕಾಯಿ ತುಂಬ್ಕೊಂಡ್ ಹೋದ್ರಿ." ನಗಲಿಲ್ಲ. ಕೈಯಲ್ಲಿದ್ದ ತೋಳಿನ ಬಟ್ಟೆ ಕೆಳಗಿಟ್ಟು ಹೇಳಿದಳು, "ನೋಡ್ರಿ ಅಕ್ಕಾರ, ನಾನೂ ಅವರಿಗೆ ಹಸಿರು ದಾರದ ಫೋಟೋನ ಕೊಟ್ಟೀನಿ. ಅದರಾಗ ಎರಡು ನಿಮ್ಮವು. ನನಗ ಗೊತ್ತಿದ್ದೂ ಕೊಟ್ಟೀನಿ, ಚಂದ ಇದ್ವು ಅಂತ. ಈಗ ಅವು ನನ್ನವಲ್ಲ ಅಂದ್ರ, ನನ್ನ ರೊಕ್ಕಾನೂ ತಿರುಗಿ ಕೇಳ್ತಾರೋ ಏನೋ."

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆಕೆಯ ಮೇಲೆ ಉರಿಯುವುದರಲ್ಲಿ ಅಷ್ಟು ಮುಳುಗಿಹೋಗಿದ್ದೆ. ಆಯ್ತು ಬಿಡಿ ಎಂದು ಹೇಳುವ ದೊಡ್ಡತನವೂ ನನ್ನಲ್ಲಿರಲಿಲ್ಲ. ನನಗೆ ಆ ದುಡ್ಡು ಬೇಕಿತ್ತು.

"ಎರಡು ದಿನ ತಡೀರಿ" ಅಂದಳು.

ಮೂರನೆಯ ದಿನ ಫೋನು ಮಾಡಿದಳು. "ಹೇಳ್ತೀನ್ರಿ. ಆದ್ರ ಖರೇನ ಹೇಳ್ತೀನಿ. ಬೆಲ್ ಹೊಡದಾಗ ನೀವು ಎದ್ದು ಹೋಗೂದೂ ಹೇಳ್ತೀನಿ."

ವಿಚಾರಣೆ ಫೋನಿನಲ್ಲೇ ನಡೆಯಿತು. ಒಂದು ಲೈನಿನಲ್ಲಿ ಅಧಿಕಾರಿ, ಒಂದರಲ್ಲಿ ಕನ್ನಡದ ದುಭಾಷಿ, ಒಂದರಲ್ಲಿ ಹುಬ್ಬಳ್ಳಿಯಾಕೆ. ನಾನು ಅಡುಗೆಮನೆಯ ಟೇಬಲ್ಲಿನಲ್ಲಿ. ಪಕ್ಕದ ರೂಮಿನಲ್ಲಿ ನಮ್ಮವರ ಮೀಟಿಂಗು ಮುಗಿದು, ಬಾಗಿಲು ತೆರೆದೇ ಇತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ನೀವು ಏನು ಮಾಡುತ್ತಿದ್ದಿರಿ ಎಂದು ಅಧಿಕಾರಿ ಕೇಳಿದರು. "ನಾನು ಆಪರೇಷನ್ಸ್..." ಎಂದು ಶುರು ಮಾಡಿದವಳು ಅಲ್ಲಿಗೇ ನಿಂತೆ. ದುಭಾಷಿ ಕಾದರು. ಪಕ್ಕದ ರೂಮಿನಲ್ಲಿ ಕುರ್ಚಿ ಸದ್ದು ನಿಂತಿತು.

"ಬ್ಲೌಸ್ ಹೊಲೀತಿದ್ದೆ" ಅಂದೆ. "ನಾನು ಟೈಲರ್."

ಆಮೇಲೆ ಆಕೆಯ ಸರದಿ. ಹೇಳಿದಂತೆ ಖರೆಯನ್ನೇ ಹೇಳಿದಳು, ಒಂದು ಚೂರೂ ಬಿಡದೆ.

"ಇವರು ನನ್ನ ಮ್ಯಾನೇಜರ್ ಅಲ್ರಿ. ನನ್ನ ಬಾಜೂ ಮಷೀನಿನವರು. ಗಿರಾಕಿ ಬಂದ ಕೂಡ್ಲೆ ಟೇಪ್ ಕೊಳ್ಳಾಗ ಹಾಕ್ಕೊಂಡು ಹೋಗ್ತಿದ್ರು, ನಾ ಒಳಗ ನಗ್ತಿದ್ದೆ. ತಿರುಗಿ ಬಂದು ಹೊಲೀತಿದ್ರು. ಹಸಿರು ದಾರದಾಗ ಎರಡು ಗಂಟು ಇರೂವು ಎಲ್ಲಾ ಇವರವು. ನಾ ಕೊಟ್ಟ ಫೋಟೋದಾಗೂ ಎರಡು ಇವರವ ಅದಾವ, ಅದು ನನ್ನ ತಪ್ಪು." ದುಭಾಷಿ ಹೇಳಿ ಮುಗಿಸುವವರೆಗೂ ಕಾದು, ಯಾರೂ ಕೇಳದಿದ್ದರೂ ಮುಂದುವರಿಸಿದಳು. "ನನ್ನವಕ್ಕಿಂತ ಚಲೋ ಇರ್ತಿದ್ವು. ಮಂದಿ ಹೊಗಳಿದ್ರ ನಾ ಸುಮ್ಮನ ತಗೋತಿದ್ದೆ. ಹೊಟ್ಟಿಕಿಚ್ಚಿಗಿ."

ದುಭಾಷಿ ಆ ಕೊನೆಯ ಮಾತನ್ನು ಇಂಗ್ಲಿಷಿಗೆ ಹೇಗೆ ದಾಟಿಸಿದರೋ ನನಗೆ ಕೇಳಿಸಲಿಲ್ಲ. ಅಂಗಡಿಯ ಮೂರು ವರ್ಷ ಆಕೆಗೆ ನನ್ನ ಮೇಲೆ ಹೊಟ್ಟೆಕಿಚ್ಚು, ಈಗ ನನಗೆ ಆಕೆಯ ಮೇಲೆ. ಇಬ್ಬರೂ ಒಂದೇ ಮೇಜಿನಲ್ಲಿ ಡಬ್ಬಿ ಹಂಚಿಕೊಂಡು ತಿಂದಿದ್ದೆವು, ನನ್ನ ಚಿತ್ರಾನ್ನ, ಆಕೆಯ ಜೋಳದ ರೊಟ್ಟಿ. ಫೋನು ಇಟ್ಟ ಮೇಲೆ ನಮ್ಮವರು ಬಾಗಿಲಲ್ಲಿ ಬಂದು ನಿಂತು, "ಆ ಬ್ಲೌಸ್‌ಗಳೆಲ್ಲಾ ನೀನೇ ಹೊಲಿದಿದ್ದಾ?" ಎಂದು ಕೇಳಿದರು. ಮೂರು ವರ್ಷ ನಾನು ಏನು ಮಾಡುತ್ತಿದ್ದೇನೆಂದು ಅವರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಆಕೆಯ ಹಣಕ್ಕೆ ಏನೂ ಆಗಲಿಲ್ಲ. ಆಕೆಯ ಒಂದು ಗಂಟಿನವೂ ಫೋಟೋದಲ್ಲಿ ಬೇಕಾದಷ್ಟಿದ್ದವು. ನನ್ನ ಚೆಕ್ಕು ಬರಲು ಇನ್ನೂ ತಿಂಗಳುಗಳು ಹಿಡಿದವು, ಆದರೆ ಬಂತು, ಪೂರಾ. ಹಾಸ್ಟೆಲಿನ ಕಂತಿನಷ್ಟನ್ನು ನಮ್ಮವರ ಖಾತೆಗೆ ಹಾಕಿದೆ. "ಇದೆಲ್ಲಾ ಯಾಕೆ" ಅಂದರು. "ಇರ್ಲಿ" ಅಂದೆ. ಮಗಳಿಗೂ ಫೋನು ಮಾಡಿ ಹೇಳಿದೆ. ಈ ಸಲ ಅವಳು ಫೈನ್ ಅನ್ನಲಿಲ್ಲ.

ಉಳಿದ ಹಣದಿಂದ ನಾನೂ ಒಂದು ಯಂತ್ರ ಕೊಂಡೆ. ಟ್ರೆಡ್‌ಮಿಲ್ಲನ್ನು ಎತ್ತಲು ಯಾರೂ ತಯಾರಿಲ್ಲದ ಕಾರಣ ಯಂತ್ರವನ್ನು ಹುಬ್ಬಳ್ಳಿಯಾಕೆಯ ಗರಾಜಿನಲ್ಲೇ ಇಟ್ಟೆ. ಬರುವುದರಲ್ಲಿ ಇಬ್ಬರಿಗೂ ಪಾಲು. ಮೊದಲ ದಿನ ಆಕೆ ದಾರದ ಡಬ್ಬಿ ಮುಂದೆ ತಳ್ಳಿ, "ಯಾವ ಬಣ್ಣ ತಗೋತೀರಿ?" ಅಂದಳು. ಹಳದಿ ತೆಗೆದುಕೊಂಡೆ. ಅಂದಿನಿಂದ, ಒಂದನ್ನು ಬಿಟ್ಟು, ನಾನು ಹೊಲಿದ ಪ್ರತಿಯೊಂದಕ್ಕೂ ಹಳದಿ ದಾರ, ಎರಡು ಗಂಟು.

ಎರಡು ವಾರವಾಗಿರಬೇಕು. ಹನ್ನೆರಡು ಬ್ಲೌಸು ಹರವಿದ್ದ ಆ ಹೆಂಗಸು ಬಂದಳು, ಮಗಳ ಮದುವೆಗೆಂದು ಒಂದು ಕಾಂಜೀವರಂ ಬ್ಲೌಸ್ ಪೀಸು, ಅಳತೆಗೆ ಒಂದು ಹಳೇ ಬ್ಲೌಸು ಹಿಡಿದುಕೊಂಡು. ಯಂತ್ರದ ಮುಂದೆ ಕೂತ ನನ್ನನ್ನು ನೋಡಿ, "ಅರೆ, ನೀವೂ ಇಲ್ಲೇನಾ? ಮ್ಯಾನೇಜ್ ಮಾಡೋಕೆ?" ಅಂದಳು. ಮೇಜಿನ ಮೇಲೆ ಮುಗಿಸಿಟ್ಟಿದ್ದ ಬ್ಲೌಸೊಂದನ್ನು ತಿರುವಿ ನೋಡಿ, ಹಳದಿ ದಾರ ಕಂಡು, ಮೆಲ್ಲಗೆ ಕೆಳಗಿಟ್ಟಳು. "ನಂದು ಹಸಿರು ದಾರದವ್ರೇ ಹೊಲೀಬೇಕು, ಪ್ಲೀಸ್. ಬೇರೆಯವ್ರ ಕೈಲಿ ಬೇಡ. ನೋಡಿ, ಇದು ಅವ್ರು ಹೊಲಿದಿದ್ದು, ಏನ್ ಫಿಟ್ಟಿಂಗು!"

ಅಳತೆಯ ಬ್ಲೌಸನ್ನು ನನ್ನ ಕೈಗೇ ಕೊಟ್ಟಳು. ತಿರುವಿದೆ. ಹಸಿರು ದಾರ, ಎರಡು ಗಂಟು. ಹುಬ್ಬಳ್ಳಿಯಾಕೆ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಇದು ನಾನೇ ಹೊಲಿದಿದ್ದು ರೀ" ಅಂದೆ.

ಅವಳು ನಕ್ಕಳು. "ನೀವಾ? ನೀವೇ ಅಲ್ವಾ ನಮ್ಮನೇಗೆ ಬಂದು ಟೈಲರಿಗೋಸ್ಕರ ಫೋಟೋ ತಗೊಂಡಿದ್ದು?" ಹುಬ್ಬಳ್ಳಿಯಾಕೆಯ ಕಡೆ ತಿರುಗಿ, "ನೀವೇ ಹೊಲೀರಿ, ಆಯ್ತಾ? ಶನಿವಾರ ಬರ್ತೀನಿ" ಎಂದು ಕಾರು ಹತ್ತಿ ಹೋದಳು. ಸರ್ಕಾರ ನಂಬಿತ್ತು. ಇವಳು ನಂಬಲಿಲ್ಲ. ನನಗೆ ಮತ್ತೆ ಹೊಟ್ಟೆ ಉರಿಯಿತು, ಇಷ್ಟು ದಿನ ಉರಿದದ್ದಕ್ಕಿಂತ ಜೋರಾಗಿ. ಈ ಸಲ ಬೈಯಲು ಯಾರೂ ಇರಲಿಲ್ಲ.

ಹುಬ್ಬಳ್ಳಿಯಾಕೆ ಎದ್ದು, ಆ ಕಾಂಜೀವರಂ ಪೀಸನ್ನೂ ಅಳತೆಯ ಬ್ಲೌಸನ್ನೂ ತಂದು ನನ್ನ ಯಂತ್ರದ ಮೇಲಿಟ್ಟಳು. ಅದರ ಮೇಲೆ ತನ್ನ ಹಸಿರು ದಾರದ ಉಂಡೆ ಇಟ್ಟಳು. ಶುಕ್ರವಾರ ಮುಗಿಸಿದೆ. ಒಳಗೆ ಹಸಿರು ದಾರದಿಂದ ಎರಡು ಗಂಟು ಹಾಕಿದೆ.